ಕಾಕಾ ಅಂಟಿಸಿಟ್ಟ ಹಾಳೆ

ಸುದ್ದಿ ಬಂದಾಗ ನಾನು ನೀರು ಸೋಸುತ್ತಿದ್ದೆ. ಹಿತ್ತಲ ಬಾವಿಯ ನೀರನ್ನು ಮಡಿಕೆ ಹಾಕಿದ ಬಿಳಿ ಬಟ್ಟೆಯಲ್ಲಿ ಸೋಸಿ ತಾಮ್ರದ ಹಂಡೆಗೆ ತುಂಬುವುದು, ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಜಾಲಿಸಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಅದೇ ಬಾವಿಗೆ ಬಿಡುವುದು ಹನ್ನೊಂದು ವರ್ಷದವಳಾದ ನನ್ನ ಪಾಲಿನ ಕೆಲಸ. ಬಿಡುವುದೆಂದರೆ ಮೇಲಿಂದ ಸುರಿಯುವುದಲ್ಲ. ಅದಕ್ಕೆಂದೇ ತಳಕ್ಕೂ ಒಂದು ಕೊಂಡಿ ಇದ್ದ ಸಣ್ಣ ತಂಬಿಗೆ ಇತ್ತು. ಮೆಲ್ಲಗೆ ಇಳಿಬಿಟ್ಟು, ನೀರು ಮುಟ್ಟಿತೆಂದು ಕೈಗೆ ತಿಳಿದ ಮೇಲೆ ತಳದ ಹಗ್ಗ ಜಗ್ಗಿದರೆ ಅದು ಮಗುಚಿಕೊಳ್ಳುತ್ತಿತ್ತು. ಎತ್ತರದಿಂದ ಬಿದ್ದರೆ ಜೀವ ಸಾಯುತ್ತವೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ನಾವು ಜೈನರು ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವದ ಮೊದಲ ದಿನ ಅದು. ಅವ್ವ ಒಪ್ಪೊತ್ತು ಹಿಡಿದು ದೇವರ ಕೋಣೆಯಲ್ಲಿ ಜಪಕ್ಕೆ ಕೂತಿದ್ದಳು. ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಆಗಬೇಕೆಂದು ಸುಶೀಲಾ ಕಾಕೂ, ಅಂದರೆ ಅಪ್ಪನ ತಮ್ಮ ಭರಮು ಕಾಕಾನ ಹೆಂಡತಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದುರು ಮನೆಯ ಜಿನ್ನಪ್ಪ ಮಾಮಾ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲ ತನಕ ಓಡಿಬಂದರು. ಊರ ಗಣಪತಿ ಹಬ್ಬದ ಪಂದ್ಯಕ್ಕೆ ಅವರೇ ಅಂಪೈರು. ಚೆಂಡು ಎಣಿಸುವ ಹರಳು ಇನ್ನೂ ಮುಷ್ಟಿಯಲ್ಲೇ ಇದ್ದವು, ಬಲಗೈಯಲ್ಲಿ ನಾಲ್ಕು, ಎಡಗೈಯಲ್ಲಿ ಎರಡು.

“ಸುಶೀಲಾ, ನಿನ್ನ ಗಂಡ ನಿನ್ನ ತಮ್ಮನ ಮುಖಾ ಒಡದಬಿಟ್ಟಾನವಾ! ಅಜಿತನ್ನ ಮಿರಜಿಗೆ ಒಯ್ದಾರ. ಗಲ್ಲದ ಎಲಬ ಒಳಗ ಹೋಗೇತಿ, ಕಣ್ಣಾಗಿಂದ ರಕ್ತ ಬರಾಕತ್ತೇತಿ.”

“ಚೆಂಡಲೇ ಏನ್ರಿ?”

“ಚೆಂಡಲೇ. ಕಾರ್ಕಿನ ಚೆಂಡ.”

ಕಾಕೂ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಅದು ಉಬ್ಬುವ ತನಕ ಕಾದಳು. ಇಳಿಸಿ ಬುಟ್ಟಿಗೆ ಹಾಕಿದ ಮೇಲೆ ಕೇಳಿದಳು:

“ಬಡದ ಮ್ಯಾಲ ಇವರು ನಕ್ಕರೇನ್ರಿ?”

ಜಿನ್ನಪ್ಪ ಮಾಮಾ ಆರೂ ಹರಳುಗಳನ್ನು ಹೊಸ್ತಿಲ ಮೇಲಿಟ್ಟು, ಹಾಗೆ ಇಟ್ಟದ್ದೂ ತಿಳಿಯದವರಂತೆ ಹೊರಟುಹೋದರು. ನನ್ನ ಕೈಯಿಂದ ಬಟ್ಟೆ ಬಾವಿಗೆ ಜಾರಲಿಲ್ಲ. ಆ ದಿನದ ಪುಣ್ಯ ಎಣಿಸಲು ಕೂತರೆ ಮೊದಲನೆಯದು ಅದೇ.

ಶಿರಗುಪ್ಪಿಯ ನಮ್ಮ ಮನೆ ಅಗಲಕ್ಕಿಂತ ಉದ್ದ ಹೆಚ್ಚು. ಮುಂದೆ ಕಟ್ಟೆ, ಆಮೇಲೆ ದನದ ಮನೆ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ದೇವರ ಕೋಣೆ, ಅಡುಗೆಮನೆ, ಹಿತ್ತಲು. ಪಡಸಾಲೆಯ ಒಂದು ಗೋಡೆಗೆ ಮುನಿ ಮಹಾರಾಜರ ಫೋಟೋ. ಎದುರಿನ ಗೋಡೆಗೆ, ಕಾಕಾ ತಾನೇ ಹೊಡೆದ ಮೊಳೆಗೆ, ವೆಸ್ಟ್ ಇಂಡೀಸಿನ ಒಬ್ಬ ವೇಗದ ಬೌಲರನ ಫೋಟೋ. ಪತ್ರಿಕೆಯಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ್ದು. ಎರಡೂ ಕಾಲು ನೆಲ ಬಿಟ್ಟಿವೆ, ಎಡಗೈ ಮುಗಿಲಿಗೆ, ಮುಖದಲ್ಲಿ ನಗು ಅನ್ನುವುದಿಲ್ಲ. ಅವನ ಹೆಸರು ಅವ್ವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವಳು ದ್ವೀಪದಾಂವ ಅನ್ನುತ್ತಿದ್ದಳು, ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಬೆಳಿಗ್ಗೆ ಬಸದಿಯಿಂದ ತಂದ ಅಭಿಷೇಕದ ಗಂಧೋದಕವನ್ನು ನಮ್ಮೆಲ್ಲರ ಕಣ್ಣಿಗೆ ಹಚ್ಚಿದ ಮೇಲೆ ಬೆರಳಲ್ಲಿ ಉಳಿದ ಪಸೆಯನ್ನು ಅವ್ವ ಆ ಫೋಟೋಕ್ಕೂ ಮುಟ್ಟಿಸುತ್ತಿದ್ದಳು.

“ನಮ್ಮ ನೇಮಿನಾಥ ಸ್ವಾಮಿಗಳ ಹಂಗ ಕರೀ ಬಣ್ಣ ಐತಿ. ಪಾಪ, ತಾಯಿನ್ನ ಬಿಟ್ಟ ಎಲ್ಲೆಲ್ಲೋ ತಿರಗತಾನ” ಎನ್ನುವಳು.

ಮಿರಜಿನಿಂದ ಬರುವ ಬಸ್ಸಿನಲ್ಲಿ ಪ್ರತಿ ರವಿವಾರ ಒಂದು ಮರಾಠಿ ಪತ್ರಿಕೆ ಬರುತ್ತಿತ್ತು. ಅದರ ಪುರವಣಿಯಲ್ಲಿ ದ್ವೀಪದಾಂವನ ಜೀವನ ಕಂತುಕಂತಾಗಿ ಬರತೊಡಗಿತು. ಕಾಕಾ ಅಡುಗೆಮನೆಯ ಕಂಬಕ್ಕೆ ಒರಗಿ ಕೂತು, ಅವ್ವ ಕಾಳು ಆರಿಸುವಾಗ, ಕಾಕೂ ನನ್ನ ಜಡೆ ಹೆಣೆಯುವಾಗ, ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಮರಾಠಿಯಲ್ಲಿ ಒಂದು ಸಾಲು, ಕನ್ನಡದಲ್ಲಿ ನಾಲ್ಕು ಸಾಲು. ಬಸದಿಯಲ್ಲಿ ಪಂಡಿತರು ಶಾಸ್ತ್ರ ಓದಿ ಅರ್ಥ ಹೇಳುವ ಹಾಗೆ. ಅವನ ಅಪ್ಪ ಪರರ ಹೊಲದಲ್ಲಿ ಕಬ್ಬು ಕಡಿಯುವವನು. ತಾಯಿ ಮಂದಿಯ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಕಡಿದ ಕಬ್ಬಿನ ಕೂಳೆಯ ನಡುವೆ, ಡಾಂಬರಿನ ಉಂಡೆಗೆ ಚಿಂದಿ ಸುತ್ತಿ, ಬರಿಗಾಲಲ್ಲಿ ಓಡಿ ಅವನು ಚೆಂಡು ಎಸೆಯುವುದನ್ನು ಕಲಿತ.

“ಅಲ್ಲೂ ಕಬ್ಬ ಐತೇನ?” ಅವ್ವ ಮೊರ ಕೆಳಗಿಟ್ಟು ಕೇಳಿದಳು.

“ಐತಿ ವೈನಿ. ಸಮುದ್ರದ ದಂಡಿ ತನಾ ಬರೇ ಕಬ್ಬ.”

“ಹಂಗಂದ್ರ ಅವರ ಕೈಯೂ ಗರಿ ಕೊಯ್ದ ಹರದಿರತಾವ, ನೋಡ.”

ಆ ದಿನದಿಂದ ಅವನು ನಮ್ಮ ಮನೆಯವನೇ ಆದ. ಮುಂದಿನ ಕಂತುಗಳಲ್ಲಿ ಅವನು ಥಂಡಿ ದೇಶಕ್ಕೆ ಆಡಲು ಹೋದ. ಅಲ್ಲಿಯ ಜನ ಅವನ ಬಣ್ಣಕ್ಕೆ ಬೈದರು. ಅವನು ಬಾಯಿ ತೆರೆಯಲಿಲ್ಲ, ಮರುದಿನ ಒಬ್ಬನ ಪಕ್ಕೆಲುಬು ಮುರಿದ, ಇನ್ನೊಬ್ಬನ ಬೆರಳು ಪುಡಿ ಮಾಡಿದ. ಇಂಥ ಕಡೆ ಕಾಕಾನ ದನಿ ಏರುತ್ತಿತ್ತು. ಓದುವುದನ್ನು ಬಿಟ್ಟು ಎದ್ದು ನಿಂತು ತೋರಿಸುತ್ತಿದ್ದ, ಚೆಂಡು ಹೀಗೆ ಬಂತು, ಹೀಗೆ ಎದೆಗೆ ನುಗ್ಗಿತು. ಅವ್ವ ಮಾತ್ರ ಪ್ರತಿ ವಾರ ಒಂದೇ ಪ್ರಶ್ನೆ ಕೇಳುವಳು.

“ಅವನ ತಾಯಿ ಏನ ಅಂದಳ?”

“ತಾಯೀದೇನೂ ಬರದಿಲ್ಲ ವೈನಿ. ಇದು ಕ್ರಿಕೆಟ್ ಐತಿ.”

ಓದಿದ ಮೇಲೆ ಕಾಕಾ ಕಂತನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟು ಕುದಿಸಿ, ಉದ್ದನೆಯ ವಹಿಯಲ್ಲಿ ಅಂಟಿಸಿಡುತ್ತಿದ್ದ. ಒಂದು ರವಿವಾರ ಮಾತ್ರ ಕೈಬೀಸಿಕೊಂಡು ಬಂದ. “ಈ ವಾರ ಹಾಕಿಲ್ಲ” ಎಂದ. ನಾವು ನಂಬಿದೆವು.

ಅಪ್ಪನ ವಿಷಯ ಬರೆಯುವುದು ಕಷ್ಟ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅಪ್ಪ ನೆಲ ನೋಡಿ ನಡೆಯುವವರು. ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವರು. ನೆಲದೊಳಗೆ ಬೆಳೆದದ್ದನ್ನು ತಿಂದವರಲ್ಲ, ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟಿದವರಲ್ಲ. ಅದೇ ಅಪ್ಪ ಪಡಸಾಲೆಯ ಗೂಟಕ್ಕೆ ಬಾರುಕೋಲು ತೂಗುಹಾಕಿದ್ದರು, ಅದು ಎತ್ತುಗಳ ಮೈ ಮುಟ್ಟಿದ್ದನ್ನು ನಾನು ನೋಡಿಲ್ಲ. ಕಾಕಾನ ಬೆನ್ನು ಮುಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ತಮ್ಮನನ್ನು ಮಗನ ಹಾಗೆ ಬೆಳೆಸಿದ್ದು ಅಪ್ಪನೇ. ಆ ಹಕ್ಕು ಲಗ್ನವಾದ ಮೇಲೂ ಮುಗಿಯಲಿಲ್ಲ. ಕಬ್ಬಿಗೆ ನೀರು ಹಾಯಿಸುವ ಪಾಳಿ ಬಿಟ್ಟು ಕಾಕಾ ಪಂದ್ಯಕ್ಕೆ ಹೋದ ದಿನ ಹೊಡೆತ ಗ್ಯಾರಂಟಿ. ಅಪ್ಪನಿಗಿಂತ ಒಂದು ಗೇಣು ಎತ್ತರದ ಆಳು ಅಂಗಿ ಕಳಚಿ ಕಂಬ ಹಿಡಿದು ನಿಲ್ಲುತ್ತಿದ್ದ. ಚರ್ಮದ ಬಾರು ಬೆನ್ನ ಮೇಲೆ ಬೀಳುವ ಸಪ್ಪಳಕ್ಕೆ ದನಗಳು ಹಗ್ಗ ಜಗ್ಗಿಕೊಂಡು ಒದರುತ್ತಿದ್ದವು. ಕಾಕೂ ಒಳಗೆ ಸೆರಗಿನ ತುದಿ ಕಚ್ಚಿಕೊಂಡು ಹಿಟ್ಟು ನಾದುತ್ತಿದ್ದಳು. ಒಂದು ಸಲ ಅಪ್ಪ ಕಾಕಾನ ಬ್ಯಾಟನ್ನು ನೀರೊಲೆಗೆ ಹಾಕಿದರು. ಹಾಕುವ ಮೊದಲು ಅದನ್ನು ಮೂರು ಸಲ ನೆಲಕ್ಕೆ ತಟ್ಟಿದರು, ಸಂದಿಯಲ್ಲಿ ಇರುವೆ ಗಿರುವೆ ಇದ್ದರೆ ಉದುರಲಿ ಎಂದು. ಎರಡು ಇರುವೆ ಉದುರಿದವು. ಅವು ಗೋಡೆ ಸೇರುವ ತನಕ ಅಪ್ಪ ಬ್ಯಾಟು ಹಿಡಿದು ಕಾದರು, ಆಮೇಲೆ ಬೆಂಕಿಗೆ ನೂಕಿದರು. ಕಾಕಾ ನೋಡುತ್ತ ನಿಂತಿದ್ದ.

ಹೊಡೆತ ತಿಂದ ಮರುದಿನ ಬೆಳಿಗ್ಗೆ ಕಾಕಾ ಕಾರ್ಕಿನ ಚೆಂಡು ಹಿಡಿದು ದನದ ಮನೆಯ ಹೊರಗೋಡೆಗೆ ಬೌಲಿಂಗ್ ಮಾಡುತ್ತಿದ್ದ. ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ದುಂಡನೆಯ ಗುರುತು ಬರೆದಿದ್ದ. ಓಡಿಬಂದು ಮುಂದೆ ನೆಲಕ್ಕೆ ಕುಕ್ಕಿದ ಚೆಂಡು ಎದ್ದು ಆ ಗುರುತಿಗೆ ಧಪ್ ಎಂದು ಬಡಿಯುತ್ತಿತ್ತು, ಮಣ್ಣು ಉದುರುತ್ತಿತ್ತು. ಗುರುತು ಅಷ್ಟು ಕೆಳಗೆ ಯಾಕೆ ಎಂದು ನಾನೊಮ್ಮೆ ಕಾಕೂನನ್ನು ಕೇಳಿದ್ದೆ, ಆಟಗಾರರು ಕಾಕಾನಷ್ಟು ಎತ್ತರ ಇರುವುದಿಲ್ಲವೇ ಎಂದು. ಕಾಕೂ ನನ್ನ ಬಾಯಿ ಮುಚ್ಚಿದಳು. ಆಮೇಲೆ ಒಂದು ದಿನ ಅಪ್ಪ ಅದೇ ಗೋಡೆಗೆ ಒರಗಿ ಹಗ್ಗ ಹೊಸೆಯುತ್ತ ನಿಂತಿದ್ದರು. ಸುಣ್ಣದ ಗುರುತು ಅಪ್ಪನ ತಲೆಯ ಹಿಂದೆ ಸರಿಯಾಗಿ ಕೂತಿತ್ತು.

ಇನ್ನು ಆ ಪಂದ್ಯ. ಜಿನ್ನಪ್ಪ ಮಾಮಾ ಆಮೇಲೆ ಬಿಡಿಸಿ ಹೇಳಿದ್ದು. ಕಾಗವಾಡದ ಟೀಮಿನಲ್ಲಿ ಅಜಿತ ಬ್ಯಾಟು ಹಿಡಿದು ನಿಂತಿದ್ದ. ಕಾಕೂನ ಬೆನ್ನಿಗೆ ಹುಟ್ಟಿದವನು, ಅಕ್ಕನ ಗಂಡನನ್ನು ದಾಜೀ ಎಂದೂ ನಮ್ಮ ಅಪ್ಪನನ್ನು ದಾದಾ ಎಂದೂ ಕರೆಯುವವನು, ಬಾಯಿ ಸುಮ್ಮನಿರದವನು, ನಮ್ಮ ಮನೆಗೆ ಬಂದರೆ ನನ್ನ ಜಡೆ ಜಗ್ಗದೆ ಹೋದವನಲ್ಲ. ಹಿಂದಿನ ದಿನವೇ ಕಾಕಾನಿಗೆ ಬಾರುಕೋಲಿನ ಸೇವೆ ಆಗಿತ್ತು, ಅದು ಊರಿಗೆಲ್ಲ ಗೊತ್ತಿತ್ತು. ಓವರಿನ ಮೂರನೆಯ ಚೆಂಡನ್ನು ಅಜಿತ ಬೌಂಡರಿಗೆ ಅಟ್ಟಿ, ಬ್ಯಾಟಿಗೆ ಕೈ ಊರಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದ:

“ದಾಜೀ, ನಿನ್ನಿ ದಾದಾರ ಎಷ್ಟ ಕೊಟ್ಟರಿ? ಬೆನ್ನ ಬಗ್ಗವಲ್ದ, ಚೆಂಡ ಬರವಲ್ದ!”

ಮೈದಾನ ನಕ್ಕಿತು. ನಮ್ಮ ಊರವರೂ ನಕ್ಕರು. ಕಾಕಾ ಓಟದ ಗುರುತನ್ನು ಇನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಒಯ್ದ. ಮ್ಯಾಟಿನ ಮೇಲೆ ಕುಕ್ಕಿದ ನಾಲ್ಕನೆಯ ಚೆಂಡು ಎದ್ದ ರಭಸಕ್ಕೆ ಅಜಿತನಿಗೆ ಮುಖ ಸರಿಸಲೂ ಆಗಲಿಲ್ಲ. ಹಸಿ ತೆಂಗಿನಕಾಯಿ ಒಡೆದ ಸಪ್ಪಳ ಬಂತಂತೆ. ಅವನು ಮೊಣಕಾಲೂರಿ, ಎರಡೂ ಕೈಯಲ್ಲಿ ಮುಖ ಹಿಡಿದು, ಬೆರಳ ಸಂದಿಯಿಂದ ರಕ್ತ ಸುರಿಯುತ್ತ, “ದಾಜೀ” ಎಂದನಂತೆ, ಅಷ್ಟೇ. ಕಾಕಾ ಹತ್ತಿರ ಹೋಗಲಿಲ್ಲ. ದ್ವೀಪದಾಂವನ ಹಾಗೆ ಬೆನ್ನು ತಿರುಗಿಸಿ ತನ್ನ ಗುರುತಿನ ಕಡೆಗೆ ನಡೆದು ಹೋಗಿ ನಿಂತ.

ಆ ಸಂಜೆ ಕಾಕಾ ಮನೆಗೆ ಬಂದಾಗ ಅಪ್ಪ ಬಾರುಕೋಲು ಹಿಡಿದೇ ಕಾಯುತ್ತಿದ್ದರು. ಕಾಕಾ ಅಂಗಿ ಕಳಚಲಿಲ್ಲ. ಮೊದಲ ಹೊಡೆತ ಹೆಗಲಿಗೆ ಬಿತ್ತು. ಎರಡನೆಯದು ಬೀಳುವ ಮೊದಲು ಬಾರನ್ನು ಗಾಳಿಯಲ್ಲೇ ಹಿಡಿದು ಜಗ್ಗಿದ. ಅಪ್ಪ ಮುಗ್ಗರಿಸಿ ಕಂಬಕ್ಕೆ ಬಡಿದರು, ಹುಬ್ಬು ಒಡೆಯಿತು. ಅವ್ವ ಜಪಮಾಲೆ ಹಿಡಿದುಕೊಂಡೇ ಓಡಿಬಂದು ನಡುವೆ ನಿಂತಳು.

“ಸಾಕ ದಾದಾ! ಹದಿನೈದ ವರ್ಷ ತಿಂದೇನಿ!” ಕಾಕಾನ ಬಾಯಲ್ಲಿ ನೊರೆ ಬಂದಿತ್ತು. “ಅಂವಾ ಮಂದಿ ಎಲಬ ಮುರದ್ರ ದುನಿಯಾನ ಚಪ್ಪಾಳಿ ತಟ್ಟತೈತಿ. ನಾ ಹೊಡದ್ರ ನನಗ ಬಾರಕೋಲ!”

“ಅಜಿತನ ಹತ್ರ ಹೋಗಿ ಕ್ಷಮಾ ಕೇಳಿ ಬಾ. ಪರ್ವದ ದಿನ ಜೀವಾ ನೋಯಿಸಿ ಬಂದೀದಿ” ಎಂದರು ಅಪ್ಪ, ರಕ್ತ ಒರೆಸಿಕೊಳ್ಳುತ್ತ.

“ನೀವು ನನ್ನ ಹತ್ರ ಕೇಳೀರೇನ? ಅಂವಾ ತನ್ನ ಜನ್ಮದಾಗ ಯಾರ ಹತ್ರಾನೂ ಕೇಳಿಲ್ಲ. ನಾನೂ ಕೇಳಂಗಿಲ್ಲ.” ಗೋಡೆಯ ಫೋಟೋದ ಕಡೆ ಬೆರಳು ತೋರಿಸಿದ.

ಈ ಜಗಳದಲ್ಲಿ ಹೊತ್ತು ಮುಳುಗಿತು. ಬುಟ್ಟಿಯಲ್ಲಿ ರೊಟ್ಟಿ, ಬೋಗುಣಿಯಲ್ಲಿ ಹೆಸರುಕಾಳಿನ ಉಸಳಿ ಹಾಗೇ ಉಳಿದವು. ಯಾರೂ ಉಣ್ಣಲಿಲ್ಲ. ಅಪ್ಪನ ಕಣ್ಣು ಉಳಿದಿತ್ತು, ಕೂದಲೆಳೆಯಷ್ಟರಲ್ಲಿ. ಅದು ಎರಡನೆಯ ಪುಣ್ಯ.

ಮೂರನೆಯ ದಿನ ಇಳಿಹೊತ್ತಿಗೆ ಕಾಕೂನ ಇಬ್ಬರು ಅಣ್ಣಂದಿರು ಬಂದರು, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ಅವ್ವ ಬಾಗಿಲಿಗೆ ಅಗುಳಿ ಹಾಕಿದ್ದಳು. ಹಲಗೆ ಸೀಳಿ ಒಳಗೆ ಬಂದರು. ಹಿರಿಯವನು ಕೊಯ್ತಾದ ಮೊಂಡು ಬೆನ್ನಿನಿಂದ ಕಾಕಾನ ಬಲ ಹೆಗಲಿಗೆ ಬಾರಿಸಿದ. ಆ ಹೆಗಲೇ ಬೇಕಿತ್ತು ಅವನಿಗೆ. ಕಾಕಾ ಕಿರಿಯವನನ್ನು ಎತ್ತಿ ಮೇವು ಹಾಕುವ ಗ್ವಾದಲಿಯ ಮೇಲೆ ಒಗೆದ, ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಎರಡನೆಯ ಸಲ ಕೊಯ್ತಾ ಎದ್ದಾಗ ಯಾರೂ ಎಣಿಸದ ಒಂದು ಮಾತಾಯಿತು. ಮೂರು ದಿನದಿಂದ ತಮ್ಮನ ಮುಖ ನೋಡದಿದ್ದ ಅಪ್ಪ ನಡುವೆ ನುಗ್ಗಿ ಏಟನ್ನು ತಮ್ಮ ಮುಂಗೈ ಮೇಲೆ ತೆಗೆದುಕೊಂಡರು. ಎಲುಬು ಮುರಿದದ್ದು ನನಗೂ ಕೇಳಿತು. ಎಲ್ಲರೂ ನಿಂತಲ್ಲೇ ನಿಂತರು. ಹಿರಿಯವನು ಏದುಸಿರು ಬಿಡುತ್ತ ಒಡೆದ ಬಾಗಿಲಿನಿಂದ ಪಡುವಣ ದಿಕ್ಕು ನೋಡಿದ. ಅವರದೂ ನಮ್ಮಂಥದೇ ಮನೆ, ಅವರಿಗೂ ಪರ್ವ.

“ಹೊತ್ತು ಮುಳಗಾಕತ್ತೇತಿ. ಕುಡ್ಯಾಕ ನೀರ ಕೊಡ್ರಿ ಅಕ್ಕಾ, ಸೋಸಿದ್ದು.”

ಅವ್ವ ನನ್ನ ಕಡೆ ನೋಡಿದಳು. ನಾನು ಹಂಡೆಯಿಂದ ಎರಡು ತಂಬಿಗೆ ತುಂಬಿ ತಂದೆ. ನಮ್ಮ ಬಾಗಿಲು ಮುರಿದವರು, ಅಪ್ಪನ ಕೈ ಮುರಿದವರು, ಗೋಡೆಯ ಕಡೆ ಮುಖ ಮಾಡಿ ತಂಬಿಗೆ ಎತ್ತಿ ಗಟಗಟ ಕುಡಿದರು. ಕುಡಿದು ತಂಬಿಗೆ ಬೋರಲಿಟ್ಟು ಹಿರಿಯವನು ಹೇಳಿದ:

“ಕ್ಷಮಾವಣಿ ದಿನ ಹೊತ್ತು ಮುಳುಗೋದ್ರಾಗ ಇಂವಾ ದವಾಖಾನ್ಯಾಗ ಅಜಿತನ ಕಾಟಿನ ಮುಂದ ಬಂದ ನಿಂದ್ರಬೇಕ. ಬರಲಿಲ್ಲ, ಮರುದಿನ ನಾವು ತಂಗೀನ್ನ ಕರಕೊಂಡ ಹೋಗ್ತೀವಿ. ತಿರಗಿ ಕಳಸಂಗಿಲ್ಲ.”

ಕ್ಷಮಾವಣಿ ಎಂದರೆ ಪರ್ವ ಮುಗಿದ ಮೇಲೆ ಬರುವ ದಿನ. ಅಂದು ದೊಡ್ಡವರು ಸಣ್ಣವರೆನ್ನದೆ ಕೈ ಜೋಡಿಸಿ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ “ಉತ್ತಮ ಕ್ಷಮಾ” ಎನ್ನಬೇಕು. ಆ ಮಾತು ವರ್ಷವರ್ಷವೂ ನಾಲಿಗೆಯ ತುದಿಯಿಂದ ಹೋಗಿಬಿಡುತ್ತಿತ್ತು. ಆ ವರ್ಷ ಅದರ ಮೇಲೆ ಕಾಕೂನ ಬಾಳುವೆ ನಿಂತಿತ್ತು, ನನ್ನ ಬಾಳುವೆಯೂ ಅನ್ನಬೇಕು. ನಾನು ಮಲಗುತ್ತಿದ್ದುದು ಅವಳ ಮಗ್ಗುಲಲ್ಲಿ, ನನ್ನ ತಲೆಯ ಹೇನು, ಹೊಟ್ಟೆಯ ನೋವು, ಸಾಲೆಯ ಲೆಕ್ಕ ಎಲ್ಲ ಅವಳ ಪಾಲು. ಕಾಕಾ ಅಟ್ಟ ಸೇರಿ ಕೂತ. ಉಣ್ಣಲು ಮಾತ್ರ ಇಳಿದು ಬರುವನು. ಹೋಗುತ್ತೀಯೋ ಇಲ್ಲವೋ ಎಂದು ಕೇಳಿದರೆ ಫೋಟೋದ ಕಡೆ ನೋಡುವನು. ಮಿರಜಿನಿಂದ ಅಜಿತನ ಸುದ್ದಿ ಬರುತ್ತಿತ್ತು. ಜೀವಕ್ಕೆ ಭಯವಿಲ್ಲ, ದವಡೆಗೆ ತಂತಿ ಹಾಕಿ ಕಟ್ಟಿದ್ದಾರೆ, ಎಡಗಣ್ಣು ಮಾತ್ರ ಹೇಳಲಾಗದು.

ಕ್ಷಮಾವಣಿಗೆ ಎರಡು ದಿನ ಇರುವಾಗ ಕಾಕೂ ಟ್ರಂಕು ತೆಗೆದು ತನ್ನ ಸೀರೆ ಮಡಚತೊಡಗಿದಳು. ಟ್ರಂಕಿನ ಅಡಿಯಲ್ಲಿ ಆ ವಹಿ ಇತ್ತು. ನಾನು ಹಾಳೆ ತಿರುವುತ್ತ ಕೂತೆ. ಒಂದು ಕಡೆ ಹಾಳೆ ದಪ್ಪವಾಗಿತ್ತು, ಬೆಳಕಿಗೆ ಹಿಡಿದರೆ ಒಳಗೆ ಅಚ್ಚಿನ ಅಕ್ಷರದ ನೆರಳು. ಎರಡು ಹಾಳೆಗಳನ್ನು ನಾಲ್ಕೂ ಅಂಚಿಗೆ ಅಂಟು ಬಳಿದು ಮುಚ್ಚಿಬಿಟ್ಟಿದ್ದ. ಕಾಕೂ ವಹಿಯನ್ನು ಕೈಗೆ ತೆಗೆದುಕೊಂಡಳು. ಒಲೆಯ ಮೇಲೆ ಕುದಿಯುತ್ತಿದ್ದ ಎಸರಿನ ಹಬೆಗೆ ಅಂಚು ಹಿಡಿದು, ಉಗುರಿನಿಂದ ಮೆಲ್ಲಗೆ, ಬಾಣಂತಿಯ ಮಗುವಿನ ಬಟ್ಟೆ ಬಿಚ್ಚುವ ಹಾಗೆ ಬಿಡಿಸಿದಳು. ಕೈಬೀಸಿಕೊಂಡು ಬಂದ ರವಿವಾರದ ಕಂತು ಅದು. ಕಾಕೂ ಮರಾಠಿ ಸಾಲೆಯಲ್ಲಿ ಕಲಿತವಳು. ಒಲೆಯ ಮುಂದೆ ನಿಂತೇ ಮೊದಲಿನಿಂದ ಕೊನೆಯ ತನಕ ಓದಿದಳು. ಮಡಚಿದ ಸೀರೆಗಳನ್ನು ಟ್ರಂಕಿನಲ್ಲಿಡಲೂ ಇಲ್ಲ, ಹೊರಗೆ ತೆಗೆಯಲೂ ಇಲ್ಲ.

ಕ್ಷಮಾವಣಿಯ ದಿನ ಬಂತು. ಬೆಳಿಗ್ಗೆ ಬಸದಿಯಲ್ಲಿ ಅಪ್ಪ ಮುರಿದ ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಒಂದೇ ಕೈಯಿಂದ ಊರಿಗೆಲ್ಲ ಕ್ಷಮೆ ಕೇಳಿದರು. ಕಾಕಾ ಬಂದಿರಲಿಲ್ಲ. ಮಧ್ಯಾಹ್ನ ಇಳಿದು ಬಂದು ಅಡುಗೆಮನೆಯಲ್ಲಿ ತಾಟಿನ ಮುಂದೆ ಕೂತ. ಅವ್ವ ಬಡಿಸಿದಳು. ಕಾಕೂ ಅವನು ಓದಲು ಕೂರುತ್ತಿದ್ದ ಕಂಬಕ್ಕೆ ಒರಗಿ, ಅವನು ಓದುತ್ತಿದ್ದ ಹಾಗೆಯೇ, ಮರಾಠಿಯಲ್ಲಿ ಒಂದು ಸಾಲು, ಕನ್ನಡದಲ್ಲಿ ನಾಲ್ಕು ಸಾಲು ಓದತೊಡಗಿದಳು. ಒಂದು ಪಂದ್ಯದಲ್ಲಿ ದ್ವೀಪದಾಂವನ ಚೆಂಡು ಒಬ್ಬ ಎಳೆಯ ಆಟಗಾರನ ಮುಖಕ್ಕೆ ಬಡಿಯಿತು. ಗಲ್ಲದ ಎಲುಬು ಒಳಗೆ ಹೋಯಿತು. ಅವನು ಎಂದಿನಂತೆ ಬೆನ್ನು ತಿರುಗಿಸಿ ನಡೆದ. ಆದರೆ ಆ ದಿನ ದ್ವೀಪದಲ್ಲಿ ಅವನ ತಾಯಿ ಇಸ್ತ್ರಿ ಮಾಡುತ್ತ ರೇಡಿಯೋ ಕೇಳುತ್ತಿದ್ದಳು.

“ತಾಯಿ?” ಬಡಿಸುತ್ತಿದ್ದ ಅವ್ವ ಸೌಟು ಹಿಡಿದು ನಿಂತಳು. “ಏನ ಅಂದಳ?”

“‘ಆ ಹುಡುಗನ ತಾಯಿ ಇಲ್ಲಿಲ್ಲ. ಆಕಿ ಪರವಾಗಿ ನೀನ ಹೋಗಿ ಅವನ ಮಗ್ಗಲಾಗ ಕುಂಡ್ರು, ಅಲ್ಲೀ ತನಾ ನನ್ನ ಮನಿಗೆ ಬರಬ್ಯಾಡ’ ಅಂತ ಹೇಳಿ ಕಳಿಸಿದಳಂತ ಅಕ್ಕಾ. ಅಂವಾ ದವಾಖಾನಿಗೆ ಹೋದನಂತ. ಏನ ಮಾತಾಡಬೇಕಂತ ತಿಳೀಲಿಲ್ಲಂತ. ಬೆಳಗಾಗೂ ತನಾ ಸುಮ್ಮ ಕುಂತನಂತ. ಅದಾದ ಮ್ಯಾಲ ಅವನ ಚೆಂಡು ಮುಖದ ಎತ್ತರಕ್ಕ ಏಳಲಿಲ್ಲಂತ. ಮಂದಿ ನಕ್ಕರಂತ, ಮೆತ್ತಗಾದ ಅಂದರಂತ. ಎರಡ ವರ್ಷದಾಗ ಟೀಮಿನಿಂದ ತಗದರಂತ.”

“ಬಾಯಿ ಮುಚ್ಚ!” ಎಂದ ಕಾಕಾ.

“ನಿಮ್ಮ ಅಂಟು ಗಟ್ಟಿ ಇತ್ತ್ರಿ. ಎಸರು ಭಾಳ ಕುದಿಬೇಕಾತು.”

ಕಾಕಾ ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಯನ್ನು ಕೂತಲ್ಲಿಂದಲೇ ಬೀಸಿ ಒಗೆದ. ಕಾಕೂನ ಮೇಲಲ್ಲ, ಅವಳ ಪಕ್ಕದ ಗೋಡೆಗೆ. ಆದರೆ ಆ ಕೈಯ ರಭಸ ಊರಿಗೆಲ್ಲ ಗೊತ್ತಿತ್ತು. ಗೋಡೆಗೆ ಬಡಿದು ಪುಟಿದ ತಂಬಿಗೆ, ಹಂಡೆಗೆ ನೀರು ತುಂಬುತ್ತಿದ್ದ ನನ್ನ ಹುಬ್ಬಿನ ಮೇಲೆ ಬಂದು ಕೂತಿತು. ನೋವಿಗಿಂತ ಮೊದಲು ಬೆಚ್ಚಗಾಯಿತು. ಆಮೇಲೆ ಒಂದು ಕಣ್ಣಿನ ತುಂಬ ಕೆಂಪು. ನಾನು ಸೋಸಿದ ನೀರಿನ ಹಂಡೆಯಿಂದ ಮುಖ ದೂರ ಸರಿಸಿದ್ದು ನೆನಪಿದೆ, ರಕ್ತ ಅದರಲ್ಲಿ ಬೀಳಬಾರದೆಂದು. ಅವ್ವ ಕಿರುಚಿದಳು. ಅಪ್ಪ ಪಡಸಾಲೆಯಿಂದ ಬಂದರು, ಒಳ್ಳೆಯ ಕೈಯಲ್ಲಿ ಬಾರುಕೋಲು. ಕಾಕಾ ನನ್ನ ಮುಖ ನೋಡುತ್ತ ನಿಂತಿದ್ದ. ಆಮೇಲೆ ಅಪ್ಪನ ಕಡೆ ತಿರುಗಿ ತಾನಾಗಿ ಅಂಗಿಯ ಗುಂಡಿ ಬಿಚ್ಚತೊಡಗಿದ.

“ಹೊಡೀರಿ ದಾದಾ.”

ಅಪ್ಪ ಬಾರುಕೋಲು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಊರಿಗೆಲ್ಲ ಬೆಳಿಗ್ಗೆ ಹೇಳಿ ಬಂದ ಎರಡು ಶಬ್ದ ಒಬ್ಬ ತಮ್ಮನ ಮುಂದೆ ಹೊರಡಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ:

“ಮೂರರ ಬಸ್ಸ ಐತಿ.”

ಕಾಕಾ ಗುಂಡಿ ಹಾಕಿಕೊಂಡು, ಚಪ್ಪಲಿಯಿಲ್ಲದೆ, ಉಂಡ ಕೈಯನ್ನೂ ತೊಳೆಯದೆ ಹೋದ.

ಆ ಮಧ್ಯಾಹ್ನದಷ್ಟು ಉದ್ದನೆಯ ಹೊತ್ತನ್ನು ನಾನು ಆಮೇಲೆ ಕಂಡಿಲ್ಲ. ಅವ್ವ ನನ್ನ ಹುಬ್ಬಿಗೆ ಅರಿಶಿನ ಒತ್ತಿ ಹಳೆಯ ಧೋತರದ ಪಟ್ಟಿಯನ್ನು ಕಣ್ಣೂ ಮುಚ್ಚುವ ಹಾಗೆ ಕಟ್ಟಿದಳು. ಕಾಕೂ ಕಟ್ಟೆಯ ಮೇಲೆ ಕೂತು ರಸ್ತೆ ನೋಡಿದಳು. ಸೂರ್ಯ ಕಬ್ಬಿನ ಗರಿಯ ತುದಿಗೆ ಮುಟ್ಟಲು ಎರಡಾಳು ಇರುವಾಗ ಕಾಕಾ ಬಂದ. ಒಂದು ಗಲ್ಲ ಊದಿತ್ತು. ಅಜಿತನ ತಾಯಿ ದವಾಖಾನೆಯ ಬಾಗಿಲಲ್ಲೇ ಎರಡು ಸಲ ಬಾರಿಸಿ, ಆಮೇಲೆ ಒಳಗೆ ಬಿಟ್ಟಳಂತೆ. ಎಡಗಣ್ಣು ಹೋಗಿದೆ ಎಂದು ಡಾಕ್ಟರು ಆ ಬೆಳಿಗ್ಗೆಯೇ ಹೇಳಿದ್ದರು. ಕಾಕಾ ಏನು ಹೇಳಿದ, ಎಷ್ಟು ಹೊತ್ತು ಕೂತಿದ್ದ, ಅದನ್ನು ಅವನು ಸಾ‌ಯುವ ತನಕ ಯಾರಿಗೂ ಹೇಳಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಕಾಕೂನ ಕೈಗೆ ಕೊಟ್ಟ. ಬಾಯಿ ಕಟ್ಟಿದ್ದರಿಂದ ಅಜಿತ ಪೆನ್ಸಿಲಿನಲ್ಲಿ ಬರೆದಿದ್ದ. ಕಾಕೂ ಗಟ್ಟಿಯಾಗಿ ಓದಿದಳು:

“ದಾಜೀ, ಓವರಿಂದು ಇನ್ನೂ ಎರಡ ಚೆಂಡ ಬಾಕಿ ಅದಾವ. ಅಕ್ಕನ್ನ ಅಲ್ಲೇ ಇಟಗೊಂಡ ಬರ್ರಿ.”

ಕಾಕೂ ನಕ್ಕಳು, ಆ ನಗು ಹೇಗೋ ಅಳುವಾಯಿತು. ಎದ್ದು ಒಳಗೆ ಹೋಗಿ ಹಂಚು ಇಟ್ಟಳು. ಹೊತ್ತು ಮುಳುಗುವುದರೊಳಗೆ ಎರಡು ರೊಟ್ಟಿ ಆಗುವಷ್ಟು ಬೆಳಕಿತ್ತು.

ಆ ಎರಡು ಚೆಂಡನ್ನು ಕಾಕಾ ಎಸೆಯಲಿಲ್ಲ. ಮುಂದೆ ಗಣಪತಿ ಹಬ್ಬದ ಪಂದ್ಯಗಳಲ್ಲಿ ಆಡಿದ, ನಾಲ್ಕು ಹೆಜ್ಜೆ ನಡೆದು ಬಂದು ಮೆತ್ತಗೆ ತಿರುಗಿಸುವ ಚೆಂಡು ಹಾಕಿ. ಭರಮ್ಯಾ ಬಳಿ ತೊಟ್ಟಾನ ಎಂದು ಮಂದಿ ಕೂಗಿದರು. ಅವನು ಕೇಳಿಸಿಕೊಂಡು ಇನ್ನೊಂದು ಅಂಥದ್ದೇ ಹಾಕುತ್ತಿದ್ದ. ಅಜಿತ ಈಗ ಕಾಗವಾಡದಲ್ಲಿ ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾನೆ. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾನೆ. ಅಪ್ಪ ಆ ಬಾರುಕೋಲನ್ನು ಒಲೆಗೆ ಹಾಕಿದರು ಎಂದು ಬರೆಯಲು ನನಗೆ ಆಸೆ. ಹಾಕಲಿಲ್ಲ. ಪಡಸಾಲೆಯ ಗೂಟದಿಂದ ತೆಗೆದು ದನದ ಮನೆಯಲ್ಲಿಟ್ಟರು. ನಮ್ಮ ಪಾಲಿಗೆ ಬಂದದ್ದು ಅಷ್ಟೇ, ಅಷ್ಟಕ್ಕೆ ನಾವು ದೇವರಿಗೆ ಕೈ ಮುಗಿದೆವು. ಆ ವಹಿ ಇವತ್ತು ನನ್ನ ಕಪಾಟಿನಲ್ಲಿದೆ. ಆ ಕಂತನ್ನು ಕಾಕಾ ಹರಿದು ಒಲೆಗೆ ಹಾಕಬಹುದಿತ್ತಲ್ಲ, ಯಾರು ಕೇಳುತ್ತಿದ್ದರು? ಹರಿಯಲಿಲ್ಲ, ಅಂಟಿಸಿಟ್ಟ. ಅವನ ಪುಣ್ಯವನ್ನು ಎಣಿಸುವಾಗ ನಾನು ಅಲ್ಲಿಂದ ಶುರು ಮಾಡುತ್ತೇನೆ.

ಕ್ಷಮಾವಣಿಯ ಆ ಸಂಜೆ ನಾನು ಹಿತ್ತಲಿಗೆ ಹೋದಾಗ ಕಾಕಾ ಬಾವಿಯ ಕಲ್ಲಿನ ಮೇಲೆ ಕೂತಿದ್ದ. ನನ್ನ ಪಟ್ಟಿ ನೋಡಿದ.

“ನೋಯಾಕತ್ತೇತೇನ ಪದ್ದಿ?”

“ಇಲ್ಲ” ಎಂದೆ. ನೋಯುತ್ತಿತ್ತು.

ಅವನು ಎದ್ದು ನಿಂತ, ಆ ಎತ್ತರದ ಆಳು, ಎರಡೂ ಕೈ ಜೋಡಿಸಿದ. ಹೆಗಲಿಗೆ ಕೊಯ್ತಾದ ಏಟು ಬಿದ್ದಿದ್ದರಿಂದ ಅವನ ಬಲಗೈ ಪೂರ್ತಿ ಏಳುತ್ತಿರಲಿಲ್ಲ.

“ಉತ್ತಮ ಕ್ಷಮಾ, ಪದ್ಮಾ.”

ಮನೆಯಲ್ಲಿ ಯಾರೂ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದಿರಲಿಲ್ಲ. ನಾನೂ ಕೈ ಜೋಡಿಸಿದೆ. ಅವನು ಒಳಗೆ ಹೋದ. ಮಧ್ಯಾಹ್ನ ಸೋಸಿದ ಬಟ್ಟೆ ಹಂಡೆಯ ಅಂಚಿಗೆ ಹಾಗೇ ಇತ್ತು, ಅವ್ವ ನೀರು ಚಿಮುಕಿಸಿ ಹಸಿಯಾಗಿ ಇಟ್ಟಿದ್ದಳು. ನಾನು ಅದನ್ನು ಮಗುಚಿ ತಂಬಿಗೆಯಲ್ಲಿ ಜಾಲಿಸಿ, ಎರಡೂ ಹಗ್ಗ ಹಿಡಿದು ಬಾವಿಗೆ ಇಳಿಬಿಟ್ಟೆ. ಒಂದು ಕಣ್ಣು ಕಟ್ಟಿದ್ದರಿಂದ ನೀರು ಎಷ್ಟು ಕೆಳಗಿದೆ ಎಂದು ಕಾಣಲಿಲ್ಲ. ಕೈಗೆ ಹಗ್ಗ ಸಡಿಲಾಗುವ ತನಕ ಕಾದು, ಆಮೇಲೆ ತಳದ ಹಗ್ಗವನ್ನು ಮೆಲ್ಲಗೆ ಜಗ್ಗಿದೆ.